ಅತ್ತೆ ಒಳಗೆ, ಕೊಂಬೆ ಮೇಲೆ

ನಮ್ಮ ಅತ್ತೆ ಇವತ್ತು ಬೆಳಿಗ್ಗೆಯೂ ನನ್ನನ್ನು ಬೈದರು. ಬೈಯಲು ಅವರು ಉಳಿದಿದ್ದಾರಲ್ಲ, ಅದಕ್ಕೆ ಕಾರಣ ಮರದ ಕೊಂಬೆ ಸವರುವ ಒಬ್ಬ ಗಂಡ, ಒಬ್ಬ ಹೆಂಡತಿ. ಅವರ ವಿಷಯ ನಾಲ್ಕು ಜನಕ್ಕೆ ಹೇಳಲೇಬೇಕು ಎಂದು ಇದನ್ನು ಬರೆಯುತ್ತಿದ್ದೇನೆ. ನಾನು ಹೆಚ್ಚು ಓದಿದವನಲ್ಲ. ಮಾತೂ ಕಡಿಮೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನು ದರ್ಜಿ. ಮೂವತ್ತು ವರ್ಷ ಕತ್ತರಿ ಹಿಡಿದ ಕೈ ಇದು!

ನಮ್ಮ ಹಿತ್ತಲಲ್ಲಿ ಒಂದು ಅತ್ತಿ ಮರ. ಅದರ ಒಂದು ಕೊಂಬೆ ಬಚ್ಚಲುಮನೆಯ ಮೇಲೆ ಚಾಚಿತ್ತು. ಬಚ್ಚಲುಮನೆ ಹಿತ್ತಲಲ್ಲೇ ಬೇರೆಯಾಗಿ ನಿಂತಿದೆ. ಒಳಗಿನ ಅರ್ಧಕ್ಕೆ ಸಿಮೆಂಟಿನ ತಾರಸಿ, ಅದರ ಮೇಲೆ ನೀರಿನ ಟ್ಯಾಂಕು. ಬಾಗಿಲ ಕಡೆಯ ಅರ್ಧಕ್ಕೆ ಬರೀ ಶೀಟು. ಆ ಶೀಟಿನ ಮೇಲೆ ಹಣ್ಣು ಬಿದ್ದಾಗಲೆಲ್ಲ ಒಳಗಿಂದ ಅತ್ತೆ ಮಗಳನ್ನು ಕರೆದು ಕಿರುಚುತ್ತಿದ್ದರು.

“ಯಾರೋ ಕಲ್ಲು ಹೊಡೆದ ಹಾಗಾಗತ್ತೆ ಕಣೇ. ಎದೆ ಧಸಕ್ ಅನ್ನತ್ತೆ!”

ನನ್ನ ಹೆಂಡತಿ ನನ್ನ ಕಡೆ ತಿರುಗಿದಳು.

“ರೀ, ಮರ ಸವರೋರನ್ನ ಕರೀರಿ.”

“ಬೇಡ.”

“ಯಾಕೆ?”

“ನಾನಿಲ್ವಾ?”

“ನೀವು ಬಟ್ಟೆ ಹೊಲಿಯೋರು ರೀ!”

“ಕತ್ತರಿಸದೆ ಹೊಲೀತಾರಾ?”

ನನ್ನ ಮಟ್ಟಿಗೆ ಅದು ದೊಡ್ಡ ಭಾಷಣ. ಕೊಂಬೆ ಎಂದರೆ ಏನು? ಮರದ ತೋಳು! ಸಾವಿರಾರು ತೋಳು ಕತ್ತರಿಸಿದ ವೀರನಿಗೆ ಇದೊಂದು ತೋಳು ಯಾವ ಮೂಲೆಗೆ?

ಭಾನುವಾರ ಬೆಳಿಗ್ಗೆ ಏಣಿ ಹಾಕಿದೆ. ಯಾರಿಗೂ ಹೇಳಲಿಲ್ಲ. ಹೇಳುವ ಅಭ್ಯಾಸವೇ ನನಗಿಲ್ಲ. ಅಳತೆ ಇಲ್ಲದೆ ಕತ್ತರಿ ಹಾಕುವವನು ದರ್ಜಿಯೇ ಅಲ್ಲ. ಅದಕ್ಕೇ ಟೇಪು ಸುತ್ತಿ ಕೊಂಬೆಯ ಸುತ್ತಳತೆ ತೆಗೆದೆ. ಮೂವತ್ತೊಂದು ಇಂಚು, ಸಣ್ಣ ಗಿರಾಕಿಯ ಸೊಂಟ! ಸೀಮೆಸುಣ್ಣದಲ್ಲಿ ಗೀಟು ಎಳೆದೆ. ಬುಡದಿಂದ ನಾಲ್ಕಿಂಚು ಬಿಟ್ಟೇ ಎಳೆದೆ. ಮುಂದೆ ಬಿಚ್ಚಿ ಅಗಲ ಮಾಡಬೇಕಾದೀತು ಎಂದು ಬಟ್ಟೆಯಲ್ಲಿ ಅಂಚು ಬಿಡುತ್ತೇವಲ್ಲ, ಹಾಗೆ! ಮರಕ್ಕೆ ಅಂಚು ಯಾಕೆ ಎಂದು ಕೇಳಬೇಡಿ. ಕೈ ಅಭ್ಯಾಸ.

ಮೇಲಿನಿಂದ ಗರಗಸ ಇಟ್ಟೆ. ಕುಯ್ದೆ, ಕುಯ್ದೆ. ಬೆವರು ಕಣ್ಣಿಗಿಳಿಯಿತು. ಮುಕ್ಕಾಲು ಪಾಲು ಆಗಿರಬೇಕು, ಕೊಂಬೆ ‘ಕಿರ್ರ್...’ ಎಂದಿತು. ಅದೇ ಗಳಿಗೆಗೆ ಕೆಳಗಿನಿಂದ ಇನ್ನೊಂದು ಸದ್ದು ಕೇಳಿಸಿತು.

ಚಂಬಿನಿಂದ ನೀರು ಸುರಿಯುವ ಸದ್ದು!

ನಾನು ಕಣ್ಣು ಒರೆಸಿಕೊಳ್ಳುತ್ತಿದ್ದಾಗ ಅತ್ತೆ ಬಂದು ಬಾಗಿಲು ಹಾಕಿಕೊಂಡಿದ್ದರು. ಎಲೆಗಳ ನಡುವೆ ಇದ್ದ ನಾನು ಅವರಿಗೆ ಕಂಡಿರಲಿಲ್ಲ.

ಕೊಂಬೆ ಮತ್ತೆ ಕಿರ್ರೆಂದಿತು. ಕುಯ್ದ ಜಾಗ ಬಾಯಿ ತೆರೆಯಿತು. ಕೆಳಗಿನ ತೊಗಟೆ ಕಾಂಡದ ಉದ್ದಕ್ಕೂ ಸೀಳಿಕೊಂಡು ಹೋಯಿತು. ಕೊಂಬೆ ಪೂರ್ತಿ ಬೀಳಲಿಲ್ಲ. ಕೈಯಗಲದ ಒಂದು ಸಿಬಿರಿಗೆ ಜೋತು ಬಿದ್ದು, ಶೀಟಿನಿಂದ ಒಂದು ಗೇಣು ಮೇಲೆ ನಿಂತಿತು. ಮೇಲೆ ಅತ್ತಿ, ಕೆಳಗೆ ಅತ್ತೆ, ನಡುವೆ ಒಂದು ಶೀಟು!

ಏಣಿ ಹೇಗೆ ಇಳಿದೆನೋ ನೆನಪಿಲ್ಲ.

ಹೆಂಡತಿ ಓಡಿ ಬಂದಳು. “ಏನ್ರೀ ಅದು ಸದ್ದು?”

ನಾನು ಬೆರಳು ತೋರಿಸಿದೆ. ಅವಳ ಮುಖ ಸುಣ್ಣವಾಯಿತು. ಕೊಂಬೆಯ ತುದಿ ಬಾಗಿಲಿಗೆ ಒರಗಿಕೊಂಡಿತ್ತು. ಬಾಗಿಲು ಹೊರಕ್ಕೆ ತೆರೆಯುವಂಥದ್ದು. ಅತ್ತೆ ಬಾಗಿಲು ನೂಕಿದರೆ ಕೊಂಬೆಗೆ ಪೆಟ್ಟು. ಪೆಟ್ಟು ಬಿದ್ದರೆ ಸಿಬಿರು ಹೋಯಿತು. ಸಿಬಿರು ಹೋದರೆ...

“ಅಮ್ಮಾ! ಹೊರಗೆ ಬರ್ಬೇಡ! ಹಿಂದಿನ ಮೂಲೆಗೆ ಹೋಗು, ಟ್ಯಾಂಕಿನ ಕೆಳಗೆ!”

“ಯಾಕೇ?”

“ನಿನ್ನ ಅಳಿಯ ಮರ ಕಡಿದ್ರು!”

ಒಳಗೆ ನೀರಿನ ಸದ್ದು ನಿಂತಿತು.

“ಯಾವ ಮರ?” ಸಣ್ಣ ಧ್ವನಿ ಬಂತು.

“ಇದೇ!”

ಹೆಂಡತಿ ಚಪ್ಪಲಿಯನ್ನೂ ಹಾಕದೆ ಮರ ಸವರುವವರನ್ನು ಕರೆತರಲು ಓಡಿದಳು. ನಾನೊಬ್ಬನೇ ನಿಂತೆ. ಅಷ್ಟರಲ್ಲಿ ಒಂದು ಕಾಗೆ ಬಂದು ಅದೇ ಕೊಂಬೆಯ ಮೇಲೆ ಕೂತಿತು! ಹುಶ್ ಎಂದರೆ ಅದು ಹಾರುವ ರಭಸಕ್ಕೆ ಕೊಂಬೆ ಬೀಳಬಹುದು. ಅನ್ನದಿದ್ದರೆ ಅದರ ಭಾರಕ್ಕೆ ಬೀಳಬಹುದು. ಉಸಿರು ಬಿಗಿಹಿಡಿದು ಅದನ್ನೇ ನೋಡಿದೆ. ಅದೂ ನನ್ನನ್ನೇ ನೋಡಿತು. ಕೊನೆಗೆ ಮೆಲ್ಲಗೆ ಎದ್ದು ಹೋಯಿತು. ನನಗಿಂತ ತಿಳುವಳಿಕೆ ಇದ್ದ ಕಾಗೆ.

ಕಾಲು ಗಂಟೆಗೆ ಅವಳ ಹಿಂದೆ ಮರ ಸವರುವ ಗಂಡ ಹೆಂಡತಿ ಬಂದರು. ಅವರಲ್ಲಿ ಹೆಂಡತಿ ದಾರದ ಹಾಗೆ ಸಣ್ಣ, ಐವತ್ತರ ಹೆಂಗಸು. ಮರ ಹತ್ತುವವಳು ಅವಳೇ. ಬೀದಿಯವರು ಅಳಿಲಕ್ಕ ಎನ್ನುತ್ತಾರೆ. ಗಂಡ ದುಂಡಗೆ, ಗಟ್ಟಿಗೆ. ಕೆಳಗೆ ಹಗ್ಗ ಹಿಡಿದು ನಿಂತರೆ ಕದಲುವುದಿಲ್ಲ. ಹಾಗಾಗಿ ಗೂಟದಣ್ಣ.

ಅಳಿಲಕ್ಕ ಗಡಿಬಿಡಿ ಮಾಡಲಿಲ್ಲ. ಮರದ ಸುತ್ತ ಒಂದು ಸುತ್ತು ಬಂದಳು. ಮರದ ಸುತ್ತಿಗೆಯಿಂದ ಕಾಂಡವನ್ನು ಅಲ್ಲಲ್ಲಿ ತಟ್ಟಿ ಕಿವಿ ಇಟ್ಟಳು. ಸೀಮೆಸುಣ್ಣದ ಗೀಟು ಕಂಡು ಗಂಡನ ಕಡೆ ನೋಡಿದಳು.

“ಯಾರೋ ಅಳತೆ ತಗೊಂಡಿದಾರೆ ಕಣ್ರೀ.”

“ಗುಂಡಿ ಎಲ್ಲಿ ಹಾಕ್ಬೇಕು ಅಂತಿದ್ರೋ ಏನೋ” ಎಂದ ಗೂಟದಣ್ಣ.

ಆಮೇಲೆ ಇಬ್ಬರೂ ನಗಲಿಲ್ಲ. ಅವಳು ಹೇಳಿದಳು: “ಒಳಗಿರೋ ಅಮ್ಮ ಮೂಲೆ ಬಿಟ್ಟು ಕದಲಬಾರದು. ಅವರು ಎಲ್ಲಿದಾರೆ ಅಂತ ನನಗೆ ಮೇಲಿಂದ ಕಾಣಲ್ಲ. ಧ್ವನಿಯಿಂದಲೇ ಗೊತ್ತಾಗ್ಬೇಕು. ಯಾರಾದ್ರೂ ಅವರ ಜೊತೆ ಮಾತಾಡ್ತಾನೇ ಇರಿ.”

“ನಾನು ಮಾತಾಡ್ತೀನಿ” ಎಂದಳು ನನ್ನ ಹೆಂಡತಿ.

“ಬೇಡ. ಮಗಳ ಧ್ವನಿ ಕೇಳಿದ್ರೆ ತಾಯಿ ಬಾಗಿಲಿಗೆ ಬರ್ತಾಳೆ. ಅಳಿಯನ ಧ್ವನಿ ಕೇಳಿದ್ರೆ ಹಿಂದೆ ಸರೀತಾಳೆ. ನೀವು ಗೇಟ್ ಹತ್ರ ನಿಂತು ಯಾರೂ ಬರದ ಹಾಗೆ ನೋಡ್ಕೊಳ್ಳಿ. ಅಣ್ಣ, ನೀವೇ ಮಾತಾಡಿ.”

ಮರದಿಂದ ಬೀಳುವುದೇ ಮೇಲಿತ್ತು! ಮದುವೆಯಾಗಿ ಇಪ್ಪತ್ತೆರಡು ವರ್ಷ. ಹೊಲಿಗೆಯ ವಿಷಯ ಬಿಟ್ಟರೆ ಅತ್ತೆಯ ಜೊತೆ ನಾನು ಆಡಿದ್ದು ಹೆಚ್ಚೆಂದರೆ ಎರಡು ಮಾತು: ‘ಬಂದ್ರಾ?’, ‘ಹೊರಟ್ರಾ?’

ಅಳಿಲಕ್ಕ ಮರ ಏರಿದಳು. ಮೇಲಿನ ಗಟ್ಟಿ ಕವಲಿಗೆ ಹಗ್ಗ ಹಾಯಿಸಿ, ಜೋತ ಕೊಂಬೆಯನ್ನು ಎರಡು ಕಡೆ ಬಿಗಿದಳು. ಗೂಟದಣ್ಣ ಹಗ್ಗದ ಈ ತುದಿಯನ್ನು ಕಾಂಡಕ್ಕೆ ಎರಡು ಸುತ್ತು ಸುತ್ತಿ ಹಿಡಿದ.

“ಕೆಳಗೆ?” ಎಂದು ಮೇಲಿಂದ ಕೂಗು.

ಅವನು ಎಡ, ಬಲ, ಹಿಂದೆ ನೋಡಿದ. “ಖಾಲಿ!”

“ಅಮ್ಮ?”

ಗೂಟದಣ್ಣ ನನ್ನ ಕಡೆ ಕಣ್ಣು ಕೆಕ್ಕರಿಸಿದ.

“ಅತ್ತೆ, ಸ್ನಾನ ಆಯ್ತಾ?” ಎಂದೆ.

“ಏನಂತ ಕೇಳ್ತೀರಿ ಅಳಿಯಂದಿರೇ! ಸೋಪು ಹಚ್ಚಿದ್ದು ಹಾಗೇ ಇದೆ!”

ಧ್ವನಿ ಮೂಲೆಯಿಂದಲೇ ಬಂತು. ಮೇಲೆ ಗರಗಸ ಆಡಿತು. ಒಂದು ಸಣ್ಣ ರೆಂಬೆ ಹಗ್ಗದಲ್ಲಿ ತೂಗುತ್ತಾ ಇಳಿಯಿತು. ಮತ್ತೆ “ಕೆಳಗೆ?” ಮತ್ತೆ “ಖಾಲಿ!” ಮತ್ತೆ ನನ್ನ ಸರದಿ.

“ಸೀರೆ ಉಟ್ರಾ?” ಕೇಳಿದೆ. ಬೈದರು. “ಚಳಿ ಆಗ್ತಿದ್ಯಾ?” ಬೈದರು. “ಕಾಲು ನೋವು ಹೇಗಿದೆ?” ಯಾವ ಕಾಲು ಎಂದಾದರೂ ಗೊತ್ತಾ ಎಂದು ಬೈದರು. ಐದು ರೆಂಬೆ ಇಳಿದವು. ನನ್ನ ಹೊಟ್ಟೆಯಲ್ಲಿದ್ದ ಮಾತೆಲ್ಲ ಮುಗಿಯಿತು.

ಉಳಿದದ್ದು ದೊಡ್ಡ ತುಂಡು. ಸಿಬಿರಿನ ಮೇಲೆ ಗರಗಸ ಇಟ್ಟಾಗಿತ್ತು. ಒಳಗಿನಿಂದ ಸದ್ದಿಲ್ಲ.

“ಅಮ್ಮ ಎಲ್ಲಿ? ಮಾತಾಡ್ಸಿ ಅಣ್ಣ!”

ತಲೆ ಖಾಲಿ. ಹೆದರಿದವನ ಬಾಯಿಗೆ ಏನು ಬರುತ್ತದೆ? ಮುಚ್ಚಿಟ್ಟದ್ದೇ ಬರುತ್ತದೆ.

“ಅತ್ತೆ! ಆ ಉಣ್ಣೆ ಕೋಟು ನೆನಪಿದ್ಯಾ? ಗುಂಡಿ ಹಾಕಕ್ಕೆ ಬರ್ಲಿಲ್ಲ. ನೀವು ದಪ್ಪ ಆಗಿದೀರಿ ಅಂದಿದ್ದೆ.”

“ಹ್ಞೂಂ?”

“ನೀವು ದಪ್ಪ ಆಗಿರ್ಲಿಲ್ಲ. ನಾನೇ ಎರಡಿಂಚು ಕಮ್ಮಿ ಕತ್ತರಿಸಿದ್ದೆ.”

ಒಳಗೆ ಚಂಬು ನೆಲಕ್ಕೆ ಬಿತ್ತು.

“ಏನಂದೆ? ಆರು ತಿಂಗಳು ರಾತ್ರಿ ಊಟ ಬಿಟ್ಟಿದ್ನಲ್ಲೋ ನಾನು!”

ಇಪ್ಪತ್ತೆರಡು ವರ್ಷದ ‘ನೀವು’ ಒಂದೇ ಏಟಿಗೆ ‘ನೀನು’ ಆಯಿತು! ಅದಲ್ಲ ಭಯ. ಆ ಧ್ವನಿ ಮೂಲೆಯಲ್ಲಿ ಶುರುವಾಗಿ ಬಾಗಿಲ ಹತ್ತಿರ ಮುಗಿಯಿತು. ಚಿಲಕ ಸರಿದ ಸದ್ದು ಕೇಳಿಸಿತು.

“ಧ್ವನಿ ಮುಂದೆ ಬಂತು!” ಮೇಲಿಂದ ಅಳಿಲಕ್ಕ ಚೀರಿದಳು. ಸಿಬಿರು ಚಟ್ ಎಂದಿತು. ಹಗ್ಗ ಬಿಗಿಯಿತು. ಗೂಟದಣ್ಣನ ಹಿಮ್ಮಡಿ ಮಣ್ಣಲ್ಲಿ ಉಳುಮೆ ಮಾಡಿತು. ಬಾಗಿಲು ಒಂದು ಬೆರಳು ತೆರೆದುಕೊಂಡಿತು.

ಆಗ ನನ್ನ ಜೀವಮಾನದ ಅತಿ ಜೋರಿನ ಮಾತು ಹೊರಬಂತು.

“ತೆಗೀರಿ ಅತ್ತೆ! ನಾನೇ ಒಳಗೆ ಬರ್ತೀನಿ!”

“ಅಯ್ಯೋ ಮಾನಗೆಟ್ಟವನೇ!”

ಬಾಗಿಲು ಧಡ್ ಎಂದು ಮುಚ್ಚಿತು. ಚಿಲಕ ಬಿತ್ತು. ಬಕೆಟ್ಟು ಉರುಳಿತು. ಬೈಗುಳ ಓಡೋಡಿ ಹಿಂದಿನ ಮೂಲೆ ಸೇರಿತು.

“ಹಿಂದೆ ಹೋದ್ರು! ಬಿಡ್ರೀ ಹಗ್ಗ, ಮೆಲ್ಲಗೆ!”

“ಗೊತ್ತು ಕಣೇ! ನೀನು ಕುಯ್ಯಿ!”

ಆ ದೊಡ್ಡ ಕೊಂಬೆ ಮಲಗಿದ ಮಗುವಿನ ಹಾಗೆ ತೂಗುತ್ತಾ ಬಂದು ನೆಲದ ಮೇಲೆ ಮಲಗಿತು. ಶೀಟಿಗೆ ಒಂದು ಗೀರೂ ಇಲ್ಲ.

ಅತ್ತೆ ಹೊರಗೆ ಬಂದರು. ಕಿವಿಯಲ್ಲಿ ಸೋಪಿನ ನೊರೆ. ಮಗಳು ಅವರನ್ನು ತಬ್ಬಿಕೊಂಡು ಅತ್ತಳು. ನನ್ನ ಕಡೆ ಇಬ್ಬರೂ ತಿರುಗಲಿಲ್ಲ.

ಅಳಿಲಕ್ಕ ನಾನು ಬಿಟ್ಟ ನಾಲ್ಕಿಂಚು ಮೋಟನ್ನು ತೋರಿಸಿದಳು. “ಇದು ಯಾಕೆ ಬಿಟ್ರಿ ಅಣ್ಣ? ಮೋಟು ಕೊಳೆಯತ್ತೆ, ಹುಳ ಒಳಗೆ ಹೋಗತ್ತೆ. ಬುಡದಲ್ಲಿ ಉಬ್ಬು ಇದ್ಯಲ್ಲ, ಅದಕ್ಕೆ ತಾಗದ ಹಾಗೆ ಅದರ ಹೊರಗೇ ಕುಯ್ಬೇಕು. ಆಗ ಮರ ತನ್ನ ಗಾಯ ತಾನೇ ಮುಚ್ಕೊಳ್ಳತ್ತೆ. ಮೊದಲು ಕೆಳಗಿಂದ ಸ್ವಲ್ಪ ಕುಯ್ದಿದ್ರೆ ತೊಗಟೆನೂ ಸೀಳ್ತಿರಲಿಲ್ಲ.” ನೋಡಿದೆ. ಉಬ್ಬು ಥೇಟ್ ಅಂಗಿಯ ಕಾಲರ್! ಮೂವತ್ತು ವರ್ಷ ಕಾಲರ್ ಹೊಲಿದವನಿಗೆ ಮರದ ಕಾಲರ್ ಕಂಡಿರಲಿಲ್ಲ.

ಆಮೇಲೆ ಅವಳು ಮರದ ಇನ್ನೊಂದು ಕಡೆ ಹತ್ತಿ ಒಂದು ಕೊಂಬೆ ತಟ್ಟಿದಳು. ಡಬ್ ಡಬ್ ಎಂದಿತು. ಅವಳ ಮುಖ ಗಂಭೀರವಾಯಿತು.

“ನೀವು ಕುಯ್ದದ್ದು ಗಟ್ಟಿ ಕೊಂಬೆ. ಅದು ಇನ್ನೂ ನೂರು ವರ್ಷ ಇರ್ತಿತ್ತು. ಪೊಳ್ಳಾಗಿರೋದು ಇದು. ಇದರ ಕೆಳಗಿನ ಕೋಣೇಲಿ ಯಾರು ಮಲಗ್ತಾರೆ?”

“ಇವರೊಬ್ಬರೇ” ಎಂದಳು ನನ್ನ ಹೆಂಡತಿ. “ಗೊರಕೆ ತಡೀಲಾರದೆ ನಾನು ಅಮ್ಮನ ಕೋಣೇಲಿ ಮಲಗ್ತೀನಿ.”

“ಬೇರೆ ಕಡೆ ಕೆಲಸ ಅರ್ಧಕ್ಕೇ ಬಿಟ್ಟು ಬಂದಿದೀವಿ. ಗುರುವಾರ ಬಂದು ಇದನ್ನ ಇಳಿಸ್ತೀವಿ, ಆಗಬಹುದಾ?” ಎಂದಳು ಅಳಿಲಕ್ಕ.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಕಿವಿಯ ನೊರೆ ಒರೆಸಿಕೊಂಡು ಹೇಳಿದರು:

“ಅವಸರ ಏನಿಲ್ಲಮ್ಮ. ನಿಧಾನಕ್ಕೆ ಬನ್ನಿ.”

ಈಗ ನಾನು ಅಂಗಡಿಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಲಗುತ್ತಿದ್ದೇನೆ. ಗಾಳಿ ಬೀಸಿದರೆ ಅಲ್ಲೂ ಎದ್ದು ಕೂರುತ್ತೇನೆ.

ನಿಮ್ಮ ಮನೆಯ ಕಡೆಗೂ ಯಾವುದಾದರೂ ಕೊಂಬೆ ವಾಲಿದ್ದರೆ ಏಣಿ ಮುಟ್ಟಬೇಡಿ. ಅಂಚೆ ಕಚೇರಿಯ ಹಿಂದಿನ ಓಣಿಯಲ್ಲಿ, ಬಾಗಿಲಿಗೆ ಹಗ್ಗದ ಸುರುಳಿ ನೇತುಹಾಕಿರುವ ಮನೆ ಅವರದು. ಹೋಗಿ ಅವರನ್ನು ನೋಡಿ. ಮರ ಇಲ್ಲದಿದ್ದರೂ ಹೋಗಿ, ಅವರಿಬ್ಬರ ಜಗಳ ಕೇಳಿ ಬನ್ನಿ. ಇವತ್ತು ಹೋಗಿ, ನಾಳೆ ಹೋಗಿ, ಶುಕ್ರವಾರ ಹೋಗಿ. ಗುರುವಾರ ಮಾತ್ರ ದಯವಿಟ್ಟು ಬೇಡ!