ಆರು ಸಲ ಪಾಸಾದ ಗಾಡಿ

ಜಾಫರಸಾಬನ ಕಾರಿಗೆ ಎಂಟು ಸಾವಿರ, ಗಾಳೆಪ್ಪನ ಕಾರಿಗೆ ಹತ್ತು ಸಾವಿರ. ಎಪ್ಪತ್ತೆಂಟನೆಯ ಇಸವಿಯ ಮಾತು. ಎರಡೂ ಇಳಕಲ್ಲಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಮಾರಾಟಕ್ಕೆ ನಿಂತವು. ಒಂದೇ ಕಂಪನಿ, ಒಂದೇ ವಯಸ್ಸು, ಒಂದೇ ಬಣ್ಣ, ಎಂಜಿನ್ನಿನ ಕೆಮ್ಮು ಕೂಡ ಒಂದೇ. ಮತ್ತೆ ಮೇಲಿನ ಎರಡು ಸಾವಿರ ಯಾತಕ್ಕೆ? ಟ್ಯಾಕ್ಸಿಯನ್ನು ವರ್ಷಕ್ಕೊಮ್ಮೆ ಮೋಟಾರು ಇನ್ಸ್‌ಪೆಕ್ಟರ ಮುಂದೆ ಪರೀಕ್ಷೆಗೆ ನಿಲ್ಲಿಸಬೇಕು. ಗಾಳೆಪ್ಪನ ಗಾಡಿ ಆರು ವರ್ಷವೂ ಮೊದಲ ಸಲಕ್ಕೇ ಪಾಸಾಗಿತ್ತು. ಜಾಫರಸಾಬನದು ಹೋದ ವರ್ಷ ಒಂದರಲ್ಲೇ ಮೂರು ಸಲ ಫೇಲಾಗಿತ್ತು.

ಗುಡೂರಿನ ಅಮಸಿದ್ದಪ್ಪ ಹತ್ತು ಸಾವಿರವನ್ನೇ ಕೊಟ್ಟ. ಹೆಂಡತಿ ರೇಣವ್ವನ ಕುರಿಹಿಂಡನ್ನು ಪೂರ್ತಿ ಮಾರಿ ಕೊಟ್ಟ. ಆ ಮೇಲಿನ ಎರಡು ಸಾವಿರವೆಂದರೆ ಹದಿಮೂರು ಕುರಿ.

"ಕುರಿ ಕೊಳ್ಳುವಾಗ ಬಾಯಿ ತಗಸಿ ಹಲ್ಲ ನೋಡ್ತಿ, ಬೆನ್ನ ಹಿಚುಕಿ ನೋಡ್ತಿ. ಇದರದು ಏನ ನೋಡಿದಿ?" ಎಂದಳು ರೇಣವ್ವ.

"ಕಾಗದ ನೋಡೇನಿ. ಪಾಸಾದದ್ದಕ್ಕ ಸಾಹೇಬ್ರು ಹೊಡದ ಆರು ಸಿಕ್ಕಾ ಅದಾವ."

"ಸಿಕ್ಕಾ ಹೊಡದ್ರ ಮುದಿ ಕುರಿಗೆ ಹಲ್ಲ ಬರ್ತಾವೇನು?"

"ನೀ ಸುಮ್ಮನಿರು. ಕೂಡಲಸಂಗಮಕ್ಕ ಬಾಡಿಗಿ ಹೊಡದು, ದೀಪಾವಳಿಯೊಳಗ ನಿನ್ನ ಹಿಂಡ ತಿರುಗಿ ತರ್ತೇನಿ."

ಮುಂದಿನ ತಿಂಗಳೇ ಗಾಡಿಯ ಏಳನೆಯ ಪರೀಕ್ಷೆ ಬಂತು. ಪಾಸಾಗದಿದ್ದರೆ ಜನರನ್ನು ಹತ್ತಿಸುವಂತಿಲ್ಲ. ಇನ್ಸ್‌ಪೆಕ್ಟರರು ತಿಂಗಳಿಗೊಂದು ದಿನ ಹುನಗುಂದಕ್ಕೆ ಬಂದು ಪ್ರವಾಸಿ ಬಂಗಲೆಯ ಮುಂದೆ ಕ್ಯಾಂಪು ಹಾಕುತ್ತಿದ್ದರು. ಅಮಸಿದ್ದಪ್ಪ ಗಾಡಿ ತೊಳೆದು, ಮುಂದೆ ಲಿಂಬೆಹಣ್ಣು ಕಟ್ಟಿ, ನಾಲ್ಕು ಜನರಿಂದ ದೂಡಿಸಿ ಸುರು ಮಾಡಿ ಹೊರಟ. ಕ್ಯಾಂಪಿನ ಬೇವಿನ ಗಿಡದ ಕೆಳಗೆ ಗಾಳೆಪ್ಪ ಬೀಡಿ ಸೇದುತ್ತ ಕೂತಿದ್ದ. ತನ್ನ ಗಾಡಿ ಮಾರಿದ ಮೇಲೆ ಅವನು ಬೇರೆಯವರ ಗಾಡಿಗಳ ದಲಾಲಿಗೆ ನಿಂತಿದ್ದ.

"ಲೇ ಅಮಸಿದ್ದ, ಗಾಡಿನ ಹಿಂಗ ಬತ್ತಲೆ ನಿಂದ್ರಸ್ತಿ ಏನಲೇ ಸಾಹೇಬ್ರ ಮುಂದ?"

"ಆರು ಸಲ ಪಾಸ್ ಆದ ಗಾಡಿ ಅಣ್ಣ ಇದು."

"ಆಗೇತಿ. ಆವಾಗ ಗಾಲಿ ಯಾರವು ಇದ್ವು ಅಂತ ಕೇಳಿದಿ?"

ಅಮಸಿದ್ದಪ್ಪ ಬಗ್ಗಿ ಗಾಲಿ ನೋಡಿದ. ಮಲಪ್ರಭೆಯ ಹೊಳೆಗಲ್ಲಿನಂತೆ ನುಣ್ಣಗಿದ್ದವು.

"ಮದವ್ಯಾಗ ಮದುಮಗಳಿಗೆ ಓಣಿ ಮಂದಿ ಬಂಗಾರ ಹಾಕೂದಿಲ್ಲೇನು? ಕ್ಯಾಂಪೂ ಹಂಗ," ಎಂದ ಗಾಳೆಪ್ಪ. "ಜಾಫರನ ಗಾಲಿ, ಜಾಫರನ ಬ್ಯಾಟರಿ, ಜಾಫರನ ದೀಪ. ಸ್ಟ್ಯಾಂಡಿನ ಗಾಡಿ ಎಲ್ಲಾ ಅವನ ಮ್ಯಾಲೇ ಪಾಸಾಗ್ತಾವ."

"ಮತ್ತ ಅವನ ಗಾಡಿ ಯಾಕ ಫೇಲ್ ಆಕ್ಕೈತಿ?"

"ಅವನ ಸರದಿ ಬಂದಾಗ ಅವನ ಗಾಲಿ ಇನ್ನೊಬ್ಬರ ಗಾಡ್ಯಾಗ ಇರ್ತಾವಲ್ಲ!"

"ನನಗ ಮೋಸಾ ಮಾಡಿದ್ಯಪ್ಪಾ!"

"ಏನ ಸುಳ್ಳ ಹೇಳೀನಿ? ಆರು ಸಲ ಪಾಸಾಗಿಲ್ಲೇನು?"

ಬೇರೆ ದಾರಿ ಇರಲಿಲ್ಲ. ಅಮಸಿದ್ದಪ್ಪ ಸಾಲಿನಲ್ಲಿದ್ದ ಜಾಫರಸಾಬನ ಮುಂದೆ ಕೈ ಕಟ್ಟಿ ನಿಂತ. ಮುದುಕ ಒಮ್ಮೆ ಸಾಲಿನತ್ತ ನೋಡಿದ, ಒಮ್ಮೆ ತನ್ನ ಗಾಲಿಗಳತ್ತ ನೋಡಿದ.

"ನಿನ್ನ ಬೆನ್ನಿಗೇ ನಂದೇ ನಂಬರ ಐತಿ ತಮ್ಮಾ."

"ನನ್ನ ಹೇಣ್ತಿ ಕುರಿ ಮಾರೇನಿ ಕಾಕಾ."

"ತಗೋ. ಒಂದೇ ಸ್ಟ್ಯಾಂಡಿನ್ಯಾಗ ನಿಂದರಾವ್ರು. ಇಲ್ಲ ಅನ್ನಾಕ ನನಗ ನಾಲಿಗಿ ಹೊರಳೂದಿಲ್ಲ."

ಗಾಲಿ, ಬ್ಯಾಟರಿ, ದೀಪ ಎಲ್ಲ ಅದಲು ಬದಲಾದವು. ಜಾಫರಸಾಬನ ಸೊಬಗು ಅಮಸಿದ್ದಪ್ಪನ ಗಾಡಿಗೆ ಏರಿತು. ಅಮಸಿದ್ದಪ್ಪನ ಸವಕಲು ಜಾಫರಸಾಬನ ಗಾಡಿಗೆ ಇಳಿಯಿತು.

ಇನ್ಸ್‌ಪೆಕ್ಟರರು ಅಮಸಿದ್ದಪ್ಪನ ಗಾಲಿಯನ್ನು ಬೂಟಿನಿಂದ ಒದ್ದು ನೋಡಿದರು. "ಚೊಲೋ ಇಟ್ಟೀಯಲ್ಲೋ," ಎಂದು ಏಳನೆಯ ಸಿಕ್ಕಾ ಹೊಡೆದರು. ಹಿಂದೆಯೇ ಜಾಫರಸಾಬನ ನಂಬರು ಕೂಗಿದರು. "ಏನ್ ಸಾಬ, ಪ್ರತಿ ಸಲಾನೂ ಇದ ಹಣೇಬಾರ? ಮಂದಿ ಜೀವಾ ತಗೀತಿ ಏನು?" ಎಂದು ಬೈದು ಫೇಲು ಮಾಡಿದರು. ಜಾಫರಸಾಬ ಕಾಗದ ಮಡಚಿ ಜೇಬಿಗೆ ಇಟ್ಟ.

ಅಮಸಿದ್ದಪ್ಪನಿಗೆ ಅಯ್ಯೋ ಅನ್ನಿಸಿತು. ಆದರೆ ಅದರ ಬೆನ್ನಿಗೇ ತಲೆಯೂ ಓಡಿತು. ನಿಜವಾಗಿ ಚೊಲೋ ಗಾಡಿ ಎಂದರೆ ಈ ಫೇಲಾದದ್ದೇ! ಚೊಲೋ ಗಾಲಿ, ಬ್ಯಾಟರಿ ಎಲ್ಲ ಅದರವು, ತಿರುಗಿ ಅದಕ್ಕೇ ಬರುವಂಥವು. ಮುದುಕ ಈಗ ಕಂಗಾಲಾಗಿದ್ದಾನೆ, ಸಿಕ್ಕಾ ತೋರಿಸಿದರೆ ಸಾಕು, ಒಪ್ಪುತ್ತಾನೆ.

"ಕಾಕಾ, ನನ್ನ ಪಾಸಾದ ಗಾಡಿ ನಿನಗ, ನಿನ್ನ ಫೇಲಾದದ್ದು ನನಗ. ಮ್ಯಾಲ ಸ್ವಲ್ಪ ರೊಕ್ಕಾ ಕೊಡು."

"ವಿಚಾರ ಮಾಡು ತಮ್ಮಾ."

ಮುದುಕ ಎಲ್ಲಿ ಹಿಂಜರಿದಾನೋ ಎಂದು ಅಮಸಿದ್ದಪ್ಪ ಕುರಿಸಂತೆಯ ಪದ್ಧತಿಯನ್ನೇ ತಂದ. ಗಾಳೆಪ್ಪ ತನ್ನ ಹೆಗಲ ಮೇಲಿನ ವಲ್ಲಿಯನ್ನು ಇಬ್ಬರ ಕೈಗಳ ಮೇಲೆ ಮುಚ್ಚಿದ. ವಲ್ಲಿಯ ಕೆಳಗೆ ಅಮಸಿದ್ದಪ್ಪ ಐದು ಬೆರಳು ಒತ್ತಿದ, ಜಾಫರಸಾಬ ಎರಡು ಹಿಡಿದ. ಇನ್ನೂರಕ್ಕೆ ಮುಗಿಯಿತು.

"ಸಂತಿ ಕರಾರು ಕಾಕಾ! ಕೈ ಬಿಟ್ಟ ಮ್ಯಾಲ ಮಾತಿಲ್ಲ. ಹ್ಯಾಂಗ ನಿಂತಾವ ಹಂಗ!" ಎಂದು ನಾಲ್ಕು ಮಂದಿಗೆ ಕೇಳುವಂತೆ ಕೂಗಿದ.

"ಹ್ಯಾಂಗ ನಿಂತಾವ ಹಂಗ," ಎಂದ ಜಾಫರಸಾಬ. ರೊಕ್ಕ ಎಣಿಸಿ ಕೊಟ್ಟ.

ಅಮಸಿದ್ದಪ್ಪ ಸಿಳ್ಳೆ ಹಾಕುತ್ತ ಜ್ಯಾಕು ತಂದ.

"ಏನ ಮಾಡ್ತಿ?" ಎಂದ ಮುದುಕ.

"ಗಾಲಿ ಬದಲಿ ಮಾಡೂಣಲ್ಲ? ಈ ಗಾಡೀವು ಈ ಗಾಡಿಗೆ."

"ಕುರಿ ಕೊಂಡ ಮ್ಯಾಲ ಮಾರಿದವನಿಗೆ ಉಣ್ಣೆ ಕತ್ತರಸಾಕ ಬಿಡ್ತಿಯೇನು ನೀ?"

ಗಾಳೆಪ್ಪ ಬೀಡಿ ಉಗುಳಿ ನಕ್ಕ. ನಾಲ್ಕು ಮಂದಿ ನಕ್ಕರು. ಜಾಫರಸಾಬ ಮಾತ್ರ ನಗಲಿಲ್ಲ.

"ನನ್ನ ಗಾಲಿ ಆರು ವರ್ಷ ಮಂದಿಗೆ ಕಡಾ ಕೊಟ್ಟೇನಿ ತಮ್ಮಾ. ಅವುಗಳ ಮ್ಯಾಲ ಈಗ ನಾನೂ ಒಂದ ಸಲ ಪಾಸಾಗೇನಿ. ಹ್ಯಾಂಗ ಬಿಡ್ಲಿ?"

ಅವನು ಗಾಡಿ ಹತ್ತಿದ. ಅದು ದೂಡದೆಯೇ ಸುರುವಾಯಿತು.

ಅಮಸಿದ್ದಪ್ಪನ ಹೊಸ ಗಾಡಿ ದೂಡಿದರೂ ಸುರುವಾಗಲಿಲ್ಲ, ಟ್ರ್ಯಾಕ್ಟರಿಗೆ ಹಗ್ಗ ಹಾಕಿ ಎಳೆಯಬೇಕಾಯಿತು. ಅರ್ಧ ದಾರಿಯಲ್ಲಿ ಗಾಡಿಯ ಗಾಲಿ ಒಡೆದು ಅದೂ ನಿಂತಿತು. ಹಿಂದಿನಿಂದ ಬಂದ ಕುರಿಹಿಂಡೊಂದು ಎರಡೂ ಕಡೆಯಿಂದ ಹಾಯ್ದು ಮುಂದೆ ಹೋಯಿತು.

ರೇಣವ್ವ ಬಾಗಿಲಲ್ಲೇ ಕೇಳಿದಳು, "ಗಾಡಿ ಪಾಸಾತೇನು?"

"ಪಾಸಾತು. ಈಗ ಅದು ನಮ್ಮದಲ್ಲ."

ಇನ್ನೂರರಲ್ಲಿ ಇಪ್ಪತ್ತು ಗಾಳೆಪ್ಪನ ದಲಾಲಿಗೆ ಹೋಯಿತು, ಅರವತ್ತು ಟ್ರ್ಯಾಕ್ಟರಿನವನಿಗೆ. ಹಿಂಡು ಹೋಗಿತ್ತು, ಏಳು ಸಿಕ್ಕಾ ಹೋಗಿದ್ದವು. ಸವೆದ ಗಾಲಿ, ಸತ್ತ ಬ್ಯಾಟರಿ ಮಾತ್ರ ಮೊದಲಿನವೇ ಮನೆಗೆ ಬಂದಿದ್ದವು. ಕೈಯಲ್ಲಿ ಉಳಿದದ್ದು ನೂರಾ ಇಪ್ಪತ್ತು ರೂಪಾಯಿ. ಅದಕ್ಕೆ ಒಂದು ಕುರಿಯೂ ಬರುತ್ತಿರಲಿಲ್ಲ.