ಇರುವೆ ಬಾರದ ಅಂಗಳ

ಕಾಶೆಪ್ಪನ ಮನೆಯ ನೆಮ್ಮದಿ ಕೆಡಿಸಿದ್ದು ಒಂದು ತಾಟು ಮಣ್ಣು.

ಉಮರ್ಗಾದ ಹೆದ್ದಾರಿ ಅಗಲ ಮಾಡುವಾಗ ಅವನ ಬಟ್ಟೆ ಅಂಗಡಿ ನೆಲಸಮವಾಗಿತ್ತು. ಅಂದಿನಿಂದ ಮೋಟರ್‌ಸೈಕಲ್ಲಿನ ಹಿಂದೆ ಸೀರೆಯ ಗಂಟು ಕಟ್ಟಿಕೊಂಡು ಯೆಣೆಗೂರ, ಸಾಸ್ತೂರ ಅಂತ ಹಳ್ಳಿ ಹಳ್ಳಿ ಸುತ್ತುತ್ತಿದ್ದ. ಅಷ್ಟರಲ್ಲಿ ಊರಂಚಿನ ಬಣ್ಣದ ಪುಡಿಯ ಹಳೆಯ ಕಾರ್ಖಾನೆಯ ಜಾಗಕ್ಕೆ ಯೋಗ ಬಂತು. ಅಲ್ಲಿನ ವಿಷದ ಮಣ್ಣನ್ನೆಲ್ಲ ಅಗೆದು, ಲಾರಿಗಳಲ್ಲಿ ದೂರ ಸಾಗಿಸಿ, ಮಳಿಗೆಗಳನ್ನು ಕಟ್ಟುವುದೆಂದು ಗೊತ್ತಾಯಿತು. ಅಂಗಡಿ ಕಳೆದುಕೊಂಡವರ ಪೈಕಿ ಮೂಲೆಯ ಮಳಿಗೆ ಕಾಶೆಪ್ಪನಿಗೆ. ಅಗೆದುಳಿದ ನೆಲ ಸ್ವಚ್ಛವಾಗಿದೆ ಎಂದು ಪುಣೆಯಿಂದ ಬಂದ ವೈಷ್ಣವಿ ಮೇಡಂ ಹೇಳಿದರೆ ಮುಗಿಯಿತು. ಇಲ್ಲ ಅಂದರೆ ಮತ್ತೆ ಅಗೆತ, ಮತ್ತೆ ವರ್ಷಗಟ್ಟಲೆ ಅದೇ ಸೀರೆ ಗಂಟು.

ಮೇಡಂ ಕೈಯಲ್ಲಿ ಪಿಸ್ತೂಲಿನಂಥ ಯಂತ್ರವೊಂದಿತ್ತು. ಮಣ್ಣಿಗೆ ಹಿಡಿದು ಗುಂಡಿ ಒತ್ತಿದರೆ ಒಳಗೆ ಸೀಸದ ವಿಷ ಎಷ್ಟಿದೆ ಎಂದು ಅದೇ ಹೇಳುತ್ತದಂತೆ. ಆದರೆ ಬೆಳಿಗ್ಗೆ ಒಂದು ಸಣ್ಣ ಮಳೆ ಬಿದ್ದು ನೆಲವೆಲ್ಲ ಒದ್ದೆಯಾಗಿತ್ತು.

"ಹಸಿ ಮಣ್ಣಿಗಿ ಇದು ಬರೋಬರ್ ಹೇಳಂಗಿಲ್ಲ. ಒಣಗಿಸಬೇಕು," ಎಂದಳು ಮೇಡಂ. ಹುಟ್ಟಿದ್ದು ಗಡಿಯ ನಿಲಂಗಾದಲ್ಲಾದ್ದರಿಂದ ಕನ್ನಡ ಬರುತ್ತಿತ್ತು.

ಕಾಶೆಪ್ಪ ಮುಂದೆ ನುಗ್ಗಿದ. "ನಮ್ಮ ಮನಿ ಇಲ್ಲೇ ಹಿಂದಿನ ಓಣ್ಯಾಗ ಅದ ರೀ ಮೇಡಂ! ಅಂಗಳ ಅಗದಿ ಸ್ವಚ್ಛ. ಒಂದು ಕಸ ಬೆಳಿಯಂಗಿಲ್ಲ, ಒಂದು ಇರುವಿ ಬರಂಗಿಲ್ಲ!"

ಅದು ಅವನ ದೊಡ್ಡ ಹೆಮ್ಮೆ. ಮನೆಗೆ ಬಂದವರಿಗೆ ನೀರು ಕೊಡುವ ಮೊದಲು ಅಂಗಳ ತೋರಿಸುತ್ತಿದ್ದ. ಗಟ್ಟಿಯಾದ ಕೆಂಪು ನೆಲ, ಹುಲ್ಲಿನ ಒಂದು ಎಸಳಿಲ್ಲ. ಹೆಂಡತಿ ಪ್ರೇಮಾಬಾಯಿಗೆ ಮಾತ್ರ ಅದರ ಮೇಲೆ ಸಿಟ್ಟು. ಅಲ್ಲಿ ನೆಟ್ಟ ತುಳಸಿಯೆಲ್ಲ ಒಣಗಿ ಹೋಗಿ, ಕೊನೆಗೆ ತವರಿನಿಂದ ಕುಂಡ ತುಂಬ ಮಣ್ಣು ತಂದು ಅದರಲ್ಲಿ ಬೆಳೆಸಿದ್ದಳು. ನಿನ್ನ ಕೈಗುಣವೇ ಸರಿಯಿಲ್ಲ ಎಂದು ಕಾಶೆಪ್ಪ ಅದಕ್ಕೂ ಅವಳನ್ನೇ ಛೇಡಿಸುತ್ತಿದ್ದ.

ಮೇಡಂ ಕಾರ್ಖಾನೆಯ ನೆಲದ ಮಣ್ಣು ತುಂಬಿದ ತಾಟನ್ನು ಅಂಗಳದ ಕಟ್ಟೆಯ ಮೇಲೆ ಬಿಸಿಲಿಗಿಟ್ಟಳು. "ಯಾರೂ ಮುಟ್ಟಬ್ಯಾಡ್ರಿ. ಮಧ್ಯಾಹ್ನ ಬರ್ತೀನಿ," ಎಂದು ಹೇಳಿ ನಗರಪಾಲಿಕೆಗೆ ಹೋದಳು.

ಮುಟ್ಟಬೇಡಿ ಎಂದ ವಸ್ತುವನ್ನು ನೋಡಲು ಓಣಿಯೇ ಬಂತು. ಎದುರು ಮನೆಯ ಸರುಬಾಯಿ ಬಗ್ಗಿ ಮೂಸಿ ನೋಡಿದಳು. ಪಕ್ಕದ ಮನೆಯ ಅಂಬಾದಾಸ ಕಾಕಾ ನಿವೃತ್ತ ಬಸ್ ಕಂಡಕ್ಟರ್. ಯಾರು ಎಲ್ಲಿ ಇಳಿಯಬೇಕೆಂದು ಹೇಳುವ ಚಟ ಅವನಿಗೆ ಇನ್ನೂ ಹೋಗಿರಲಿಲ್ಲ. ಅವನು ಕಡ್ಡಿಯಿಂದ ಮಣ್ಣು ಕೆದಕಿದ. ಒಂದು ಎರೆಹುಳ ಸೋಮಾರಿಯಂತೆ ತಲೆ ಎತ್ತಿತು.

"ಹುಳಾ!" ಕಾಕಾ ಕೂಗಿದ. "ಕಾಶೆಪ್ಪಾ, ಮಣ್ಣಾಗ ಹುಳ ಬಿದ್ದಾವ! ನಿನ್ನ ದುಕಾನ ಹೋತು ನೋಡು!"

ಕಾಶೆಪ್ಪ ತಾಟಿನ ಮುಂದೆ ಕುಕ್ಕರಿಸಿದ. "ಈಗೇನ್ ಮಾಡ್ಲಿ ಕಾಕಾ?"

"ಬದಲ್ ಮಾಡಿ ಬಿಡು. ಮಣ್ಣಿನ ಮ್ಯಾಲ ಯಾರ ಹೆಸರ್ ಬರ್ದದ?"

"ಬ್ಯಾಡ್ರೀ," ಎಂದಳು ಪ್ರೇಮಾಬಾಯಿ. "ಆಕಿ ನಮ್ಮನ್ನ ನಂಬಿ ಇಟ್ಟು ಹೋಗ್ಯಾಳ."

ಅವಳ ಮಾತು ಯಾರಿಗೆ ಬೇಕಿತ್ತು? ಸರುಬಾಯಿ ಓಡಿಹೋಗಿ ತನ್ನ ಹಿತ್ತಲಿನ ಮಣ್ಣು ತಂದಳು. ಅದರಲ್ಲಿ ಹೆಬ್ಬೆಟ್ಟು ಗಾತ್ರದ ಗೊಬ್ಬರದ ಹುಳಗಳು ಹೊರಳುತ್ತಿದ್ದವು. ಕಾಕಾ ಬೇವಿನ ಮರದ ಬುಡದ ಮಣ್ಣನ್ನು ಟೊಪ್ಪಿಗೆಯಲ್ಲಿ ತುಂಬಿ ತಂದ. ಅದರೊಳಗಿನ ಕೆಂಜಿಗಗಳು ಕಾಶೆಪ್ಪನ ತೋಳಿನಿಂದ ಅಂಗಿಯೊಳಗೆ ನುಗ್ಗಿದವು. ಅವನು ಓಣಿಯ ನಡುವೆ ಕುಣಿದ ಕುಣಿತ ನೋಡಿ ಪ್ರೇಮಾಬಾಯಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

"ಅರೇ, ಊರೆಲ್ಲಾ ಯಾಕ ಹುಡುಕಬೇಕು?" ಕಾಕಾ ನೆಲಕ್ಕೆ ಕಾಲು ಬಡಿದ. "ಹುಳ ಇಲ್ಲ, ಇರುವಿ ಇಲ್ಲ. ನಿನ್ನ ಅಂಗಳದಷ್ಟು ಸ್ವಚ್ಛ ಮಣ್ಣು ಇಡೀ ತಾಲೂಕಿನಾಗ ಎಲ್ಲದ?"

ತುರಿಕೆಯ ನಡುವೆಯೂ ಕಾಶೆಪ್ಪನ ಮುಖ ಅರಳಿತು. ಅಂಗಳ ಕೆರೆದು ತಾಟು ತುಂಬಿದ. ಮೇಡಂ ಇಟ್ಟ ಮಣ್ಣು ಕಪ್ಪು, ಇದು ಕೆಂಪೆಂದು ಒಲೆಯ ಇದ್ದಿಲು ಪುಡಿ ಮಾಡಿ ಬೆರೆಸಿದ. ಮೂಲ ಮಣ್ಣನ್ನು ಚೆಲ್ಲಲು ಮನಸ್ಸಾಗದೆ ಪ್ರೇಮಾಬಾಯಿ ಅದನ್ನು ಮೊರಕ್ಕೆ ಸುರಿದು ತುಳಸಿಯ ಪಕ್ಕದಲ್ಲಿಟ್ಟಳು.

ಮಧ್ಯಾಹ್ನ ಮೇಡಂ ಬಂದಳು. ಯಂತ್ರ ಹಿಡಿದು ಒತ್ತಿದಳು, ಅದು ಚೀರಿತು, ಹುಬ್ಬು ಗಂಟಿಕ್ಕಿದಳು. ಯಂತ್ರದ ಮೂತಿ ಒರೆಸಿ ಮತ್ತೊಮ್ಮೆ ಒತ್ತಿದಳು.

"ಇಷ್ಟು ಸೀಸಾ? ಅಗಿಯೋ ಮೊದಲೂ ಅಲ್ಲಿ ಇಷ್ಟು ಇರ್ಲಿಲ್ಲ! ಮತ್ತ ಅಗೀಬೇಕು. ಮಳಿಗಿ ಕೆಲಸ ಬಂದ್."

ಕಾಶೆಪ್ಪನ ಬಾಯಿ ತಡೆಯಲಿಲ್ಲ. "ಮೇಡಂ, ಅದು ಕಾರ್ಖಾನಿ ಮಣ್ಣೇ ಅಲ್ರೀ! ನಮ್ಮ ಅಂಗಳದ್ದು!"

ಪ್ರೇಮಾಬಾಯಿ ಸದ್ದಿಲ್ಲದೆ ಮೊರ ತಂದು ಮುಂದಿಟ್ಟಳು. "ನೀವು ಇಟ್ಟ ಮಣ್ಣು ಇದು ನೋಡ್ರಿ."

ಮೇಡಂ ಅದಕ್ಕೆ ಯಂತ್ರ ಹಿಡಿದಳು. ಮುಖ ಸಡಿಲವಾಯಿತು. "ಇದು ಸ್ವಚ್ಛ ಅದ. ಎರೆಹುಳ ಸುದ್ದಾ ಬಂದದ. ಮಣ್ಣಿಗಿ ಜೀವ ಬಂದದ."

"ಅಂದ್ರ ಮಳಿಗಿ ಪಕ್ಕಾ!" ಕಾಶೆಪ್ಪ ಜಿಗಿದ.

ಮೇಡಂ ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಕುಕ್ಕರುಗಾಲಲ್ಲಿ ಕೂತು ಅಂಗಳದುದ್ದಕ್ಕೂ ಯಂತ್ರ ಒತ್ತುತ್ತ ಹೊಸ್ತಿಲಿನವರೆಗೂ ಹೋದಳು. ಹೋದಲ್ಲೆಲ್ಲ ಅದು ಚೀರುತ್ತಿತ್ತು. "ಅಕ್ಕಾ, ಈ ಕೆಂಪು ಮಣ್ಣು ಎಲ್ಲಿದು?"

"ತೊಂಬತ್ಮೂರರ ಭೂಕಂಪ ಆದ ಮ್ಯಾಲ ಈ ಮನಿ ಕಟ್ಟಿದ್ದು ರೀ," ಎಂದಳು ಪ್ರೇಮಾಬಾಯಿ. "ಕರಿ ಮಣ್ಣು ತಗದು ಗಟ್ಟಿ ಕೆಂಪು ಮುರುಮು ತುಂಬೋದು ನಮ್ಮ ಕಡೆ ಪದ್ಧತಿ. ಆಗ ಎಲ್ಲಾರೂ ಮನಿ ಕಟ್ಟವ್ರೇ, ಮುರುಮು ಎಲ್ಲೂ ಸಿಗಲಿಲ್ಲ. ಕಾರ್ಖಾನಿಯವ್ರು ಹಿಂದ ಚೆಲ್ಲಿದ ಕೆಂಪು ಮಣ್ಣಿನ ರಾಶಿ ಬಿದ್ದಿತ್ತು. ಒಯ್ರಿ ಅಂದ್ರು, ನಮ್ಮ ಮಾವ ತಂದು ತುಂಬಿಸಿದ್ರು."

"ನಾ ಒಂದೇ ಟ್ರ್ಯಾಕ್ಟರ್ ತಂದಿದ್ದೆ," ಎಂದು ಬಾಯಿ ಜಾರಿದ ಅಂಬಾದಾಸ ಕಾಕಾ ಧೋತರ ಎತ್ತಿಕೊಂಡು ಮನೆಯತ್ತ ನಡೆದ.

ಕಾಶೆಪ್ಪನಿಗೆ ನಗಲೂ ಆಗಲಿಲ್ಲ. ಇದೇ ಅಂಗಳದಲ್ಲಿ ಅಂಬೆಗಾಲಿಟ್ಟು ಬೆಳೆದ ಮಗಳು ಶಾಂಭವಿಯ ನೆನಪಾಗಿ ನಿಜಕ್ಕೂ ಹೆದರಿದ. ಶಾಲೆ ಬಿಟ್ಟ ಕೂಡಲೇ ಅವಳ ರಕ್ತ ತಪಾಸಣೆ ಮಾಡಿಸಿ, ಸಂಜೆಯೊಳಗೆ ಎಲ್ಲರೂ ಮನೆ ಬಿಡಿ ಎಂದಳು ಮೇಡಂ.

"ಬಿಟ್ಟು ಎಲ್ಲಿ ಹೋಗೋಣ್ರೀ?"

"ಹತ್ರದಾಗ ಸ್ವಚ್ಛ ಜಾಗ ಒಂದೇ ಅದ."

ಹೀಗೆ ಸೂರ್ಯ ಇಳಿಯುವ ಹೊತ್ತಿಗೆ ಕಾರ್ಖಾನೆಯ ಮೈದಾನದ ಮೂಲೆಯಲ್ಲಿ, ಕಾಶೆಪ್ಪನ ಮಳಿಗೆ ಏಳಬೇಕಾದ ಅಳತೆಯಲ್ಲೇ, ತಗಡಿನ ಶೆಡ್ಡೊಂದು ಎದ್ದಿತು. ಭೂಕಂಪವಾದಾಗ ತಿಂಗಳುಗಟ್ಟಲೆ ಇಂಥದೇ ಶೆಡ್ಡಿನಲ್ಲಿ ಬೆಂದಿದ್ದು ಅವನಿಗೆ ನೆನಪಿತ್ತು. ಸೀರೆ ಗಂಟಿನ ಮೇಲೆ ಕೂತು ಕೇಳಿದ: "ಮೇಡಂ, ಮಳಿಗಿ ಕೆಲಸ ಯಾವಾಗ ಸುರು?"

"ಈ ಶೆಡ್ಡು ತಗದ ಮ್ಯಾಲ."

"ಶೆಡ್ಡು ಯಾವಾಗ ತಗೀತೀರಿ?"

"ನಿಮ್ಮ ಅಂಗಳ ಸ್ವಚ್ಛ ಆದ ಮ್ಯಾಲ. ಓಣಿ ಪೂರಾ ತಪಾಸಣಿ ಮಾಡಿ ಕೆಂಪು ಮಣ್ಣು ಇದ್ದಲ್ಲೆಲ್ಲಾ ಅಗೀಬೇಕಲ್ರೀ, ವರ್ಷ ಹಿಡೀತದ."

ಮೇಡಂ ಹೋದಳು. ಒಳಗೆ ಪ್ರೇಮಾಬಾಯಿ ಡಬ್ಬಿಗಳನ್ನು ಜೋಡಿಸುತ್ತಿದ್ದವಳು ತಟ್ಟನೆ ಕಸಬರಿಗೆ ಎತ್ತಿಕೊಂಡಳು. ಬೆಲ್ಲದ ಡಬ್ಬಿಯತ್ತ ಇರುವೆಗಳ ಸಾಲೊಂದು ಹೊರಟಿತ್ತು.

"ಏ, ಹೊಡೀಬ್ಯಾಡ!" ಕಾಶೆಪ್ಪ ಓಡಿಬಂದು ಅವಳ ಕೈ ಹಿಡಿದ. ಡಬ್ಬಿ ತೆರೆದು ಒಂದು ಚೂರು ಬೆಲ್ಲ ಮುರಿದು ಇರುವೆಗಳ ಮುಂದಿಟ್ಟ. "ಬರ್ಲಿ ಬಿಡು. ಭಾಳ ವರ್ಷ ಆದ ಮ್ಯಾಲ ಬಂದಾವ."