ಪಾರ್ಸಲ್ ಕೌಂಟರಿನ ಸ್ವರ

ಎಲ್ಲಕ್ಕೂ ಕಾರಣ ಆ ಒಂದು ಸಾಲು. ಗಾಯನ ತಂಡದ ಮೇಡಂ ಬೆಳಿಗ್ಗೆಯೇ ಅಂಚೆ ಕಚೇರಿಗೆ ಬಂದು ಪಾರ್ಸಲ್ ಕೌಂಟರಿನ ಗಾಜಿಗೆ ಒಂದು ಚೀಟಿ ಅಂಟಿಸಿದರು. ಇಂದು ಸಂಜೆ ಬಡಾವಣೆಯ ಸಭಾಂಗಣದಲ್ಲಿ ಹೊಸ ಕಾಲದ ಸಮೂಹ ಗಾಯನ, ಎಲ್ಲರೂ ಬನ್ನಿ ಎಂದಿತ್ತು. ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಹೊಸ ಸಂಗೀತ ಜನಕ್ಕೆ ಮುಟ್ಟಲೇಬೇಕೆಂಬುದು ಮೇಡಂ ಹಟ. ಕೆಳಗೆ ದಪ್ಪ ಅಕ್ಷರದಲ್ಲಿ, "ಹೊಸ ಸಂಗೀತ ಅಂದರೆ ಏನು? ಇಲ್ಲಿ ವಿಚಾರಿಸಿ" ಎಂದು ಬರೆದು ಹೋದರು.

ಗಾಜಿನ ಹಿಂದೆ ಕೂತ ಗುಮಾಸ್ತರು ಆ ತಂಡದ ಕೊನೆಯ ಸಾಲಿನವರು. ಸೇರಿದ ದಿನದಿಂದ ಅವರಿಗೆ ಮೇಡಂ ಕೊಟ್ಟ ಸೂಚನೆ ಒಂದೇ: "ಸ್ವಲ್ಪ ಮೆಲ್ಲಗೆ." ಅವರ ಗಂಟಲಲ್ಲಿ ಇದ್ದದ್ದು ಒಂದೇ ಸ್ವರ. ಅದು ಮಾತ್ರ ಗೋಡೆಗೆ ಹೊಡೆದ ಮೊಳೆಯಷ್ಟು ಗಟ್ಟಿ. ಉಳಿದ ಸ್ವರಗಳ ಹತ್ತಿರ ಸುಳಿದರೆ ಜಾರಿ ಬೀಳುತ್ತಿದ್ದರು. ಈ ಸಲ ಅದೃಷ್ಟ ಖುಲಾಯಿಸಿತ್ತು. ಹೊಸ ರಚನೆಯಲ್ಲಿ ಮೊದಲು ಒಬ್ಬರೇ ಒಂದು ಉದ್ದದ "ಊ" ಹಿಡಿದು ನಿಲ್ಲಬೇಕು. ಆಮೇಲೆ ಉಳಿದವರ ಸ್ವರಗಳು ತಂತಿಯ ಮೇಲೆ ಹಕ್ಕಿಗಳು ಕೂತಂತೆ ಒಂದೊಂದಾಗಿ ಬಂದು ಅದರ ಮೇಲೆ ಕೂರಬೇಕು. ತಂತಿಯ ಪಾತ್ರ ಗುಮಾಸ್ತರದು.

ಅದಕ್ಕಿಂತ ದೊಡ್ಡ ಸಂಗತಿಯೆಂದರೆ ಹೆಂಡತಿ ಬರುವವಳಿದ್ದಳು. ಆಸ್ಪತ್ರೆಯಲ್ಲಿ ರೋಗಿಗಳಿಗೆ ಚೀಟಿ ಬರೆದುಕೊಡುವ ಅವಳಿಗೆ ಸಂಜೆ ಬಿಡುವೇ ಸಿಗದು. ಗಂಡ ವೇದಿಕೆ ಹತ್ತಿದ್ದನ್ನು ಒಮ್ಮೆಯೂ ನೋಡಿರಲಿಲ್ಲ. ತಿಂಗಳುಗಟ್ಟಲೆ ಬಚ್ಚಲುಮನೆಯಿಂದ ಆ "ಊ" ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿದ್ದರೂ, ಇವತ್ತು ಯಾರ್ಯಾರನ್ನೋ ಕಾಡಿ ಬೇಡಿ ಪಾಳಿ ಬದಲಾಯಿಸಿಕೊಂಡಿದ್ದಳು. ಅವಳೆದುರು ಒಂದೇ ಒಂದು ಸಲ ಚೆನ್ನಾಗಿ ಹಾಡಿಬಿಟ್ಟರೆ ಸಾಕು ಎಂಬುದು ಗುಮಾಸ್ತರ ಆಸೆ.

ಮೊದಲು ವಿಚಾರಿಸಿದವಳು ಪೊಟ್ಟಣ ತಂದಿದ್ದ ಒಬ್ಬ ಅಜ್ಜಿ. ಹೊಸ ಸಂಗೀತ ಹೇಗಿರುತ್ತಪ್ಪಾ ಎಂದಳು. ವಿವರಿಸಲು ಹೋಗಿ ಸೋತ ಗುಮಾಸ್ತರು ಆಚೀಚೆ ನೋಡಿ ಮೆಲ್ಲಗೆ "ಊ" ಎಂದರು.

"ಇಷ್ಟೇನಾ? ಇದು ನನಗೂ ಬರುತ್ತೆ," ಎಂದು ಅಜ್ಜಿ ತಾನೂ ಹಿಡಿದಳು. ಒಂದು ಕೂದಲೆಳೆಯಷ್ಟು ಕೆಳಗಿತ್ತು. ತಮ್ಮ ಸ್ವರವನ್ನು ಯಾರಾದರೂ ಕೆಡಿಸಿದರೆ ಗುಮಾಸ್ತರಿಗೆ ಸಹಿಸಲಾಗುತ್ತಿರಲಿಲ್ಲ. ಅದು ಸರಿಯಾಗುವ ತನಕ ಹೇಳಿಕೊಟ್ಟರು. ಅಜ್ಜಿಯ ಹಿಂದಿದ್ದ ಬಲ್ಬಿನ ಅಂಗಡಿಯವನು ತನ್ನದು ಸರಿ ಇದೆಯಾ ನೋಡಿ ಎಂದ. ಅವನದು ಮೇಲೆ ಹೋಗಿತ್ತು, ಇಳಿಸಿದರು. ಪಕ್ಕದ ಸ್ಟಾಂಪ್ ಕೌಂಟರಿನ ಸಹೋದ್ಯೋಗಿ, "ನಮ್ಮ ಕಲಾವಿದರು, ಸಂಕೋಚ ಬೇಡ, ಕೇಳಿ," ಎಂದು ತನ್ನ ಗಿರಾಕಿಗಳನ್ನೂ ಇತ್ತ ತಳ್ಳಿದ. ಹೊಗಳಿದರೆ ಉಬ್ಬದವರು ಯಾರು? ಮಧ್ಯಾಹ್ನದ ಹೊತ್ತಿಗೆ ಸಾಲು ಬೀದಿ ಮುಟ್ಟಿತ್ತು. ಒಬ್ಬರ ಕೈಯಲ್ಲೂ ಪಾರ್ಸಲ್ ಇರಲಿಲ್ಲ.

ಊಟದ ನಂತರ ಗಂಟಲು ಕಿರುಗುಟ್ಟಿತು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ; ಜನಕ್ಕೆ ಈಗ ಉಪಚಾರದ ಉತ್ಸಾಹ. ಸಹೋದ್ಯೋಗಿ ತಂದ ಬಿಸಿನೀರು ಕುದಿಯುತ್ತಿತ್ತು, ನಾಲಿಗೆ ಸುಟ್ಟಿತು. ಅಜ್ಜಿ ಮನೆಗೆ ಹೋಗಿ ಜೇನುತುಪ್ಪ ತಂದಳು. ಅದರಲ್ಲಿ ಮೆಣಸಿನಪುಡಿಯೇ ಹೆಚ್ಚು. ಬಲ್ಬಿನ ಅಂಗಡಿಯವನು ಜೋರಾಗಿ ಕೆಮ್ಮಿದರೆ ಕಟ್ಟಿದ್ದೆಲ್ಲ ಹೊರಗೆ ಬರುತ್ತದೆ ಎಂದು ಅಭಯ ಕೊಟ್ಟ. ಕೆಮ್ಮಿದರು. ಕಟ್ಟಿದ್ದರ ಜೊತೆಗೆ ಉಳಿದಿದ್ದ ಸ್ವರವೂ ಹೊರಟುಹೋಯಿತು.

ಸಂಜೆ ಮೇಡಂಗೆ ಹೇಳೋಣವೆಂದರೆ ಹೇಳುವುದಕ್ಕೂ ಗಂಟಲಿಲ್ಲ. ಕತ್ತು ಹಿಡಿದು, ಕೈ ಆಡಿಸಿ ತೋರಿಸಿದರು. ಸಡಗರದಲ್ಲಿದ್ದ ಮೇಡಂ ಇದು ಅಂಜಿಕೆ ಎಂದುಕೊಂಡು ಬೆನ್ನು ತಟ್ಟಿ ವೇದಿಕೆಗೆ ತಳ್ಳಿದರು.

ಸಭಾಂಗಣ ತುಂಬಿತ್ತು. ಹೊಸ ಸಂಗೀತಕ್ಕೆ ಇಷ್ಟು ಜನ ಎಂದೂ ಬಂದಿರಲಿಲ್ಲ. ಮೂರನೆಯ ಸಾಲಿನ ತುದಿಯಲ್ಲಿ ಹೆಂಡತಿ ಕೆಲಸದ ಬಟ್ಟೆಯಲ್ಲೇ ಕೂತಿದ್ದಳು. ಓಡಿ ಬಂದದ್ದಕ್ಕೆ ಇನ್ನೂ ಏದುಸಿರು. ಮೇಡಂ ಕೈ ಎತ್ತಿದರು. ಗುಮಾಸ್ತರು ಬಾಯಿ ತೆರೆದರು. ಬಂದದ್ದು ಬರೀ ಗಾಳಿ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮೇಡಂ ಕೈ ಮೇಲೇ ನಿಂತಿತು. ಗುಮಾಸ್ತರು ಬೇರೆ ಯಾರನ್ನೂ ನೋಡಲಿಲ್ಲ, ಹೆಂಡತಿಯನ್ನೇ ನೋಡಿದರು. ಅವರ ಕಣ್ಣು ತುಂಬಿ ಬಂದಿತ್ತು.

ಆ ಮನುಷ್ಯನ ಜೊತೆ ಅಷ್ಟು ವರ್ಷ ಬಾಳಿದವಳಿಗೆ ಬೇರೆ ಹೇಳಬೇಕಾಗಲಿಲ್ಲ. ಮೂರನೆಯ ಸಾಲಿನಿಂದ "ಊ" ಎದ್ದಿತು. ಅದೇ ಸ್ವರ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಒಂದು ಕ್ಷಣ ಒಬ್ಬಳೇ ಹಿಡಿದಿದ್ದಳು. ಆಮೇಲೆ ಅಜ್ಜಿ ಸೇರಿದಳು, ಬಲ್ಬಿನ ಅಂಗಡಿಯವನು ಸೇರಿದ, ಸ್ಟಾಂಪಿನವನು, ಕೌಂಟರಿನ ಮುಂದೆ ಸಾಲಿನಲ್ಲಿ ನಿಂತಿದ್ದ ಒಬ್ಬೊಬ್ಬರೂ ಸೇರಿದರು. ಇಡೀ ಸಭಾಂಗಣವೇ ತಂತಿಯಾಯಿತು. ತಂಡದ ಹಕ್ಕಿಗಳು ಬಂದು ಕೂತವು. ಗುಮಾಸ್ತರು ಬಾಯಿ ತೆರೆದುಕೊಂಡೇ ನಿಂತು, ಕೆನ್ನೆ ಒರೆಸಿಕೊಳ್ಳುವುದನ್ನೂ ಮರೆತರು.

ಮುಗಿದ ಮೇಲೆ ಮೇಡಂ ನೆಲದ ಮೇಲೆ ಕಾಲೂರದೆ ಓಡಾಡಿದರು. ಇನ್ನು ಮುಂದೆ ಎಲ್ಲಿ ಹಾಡಿದರೂ ಈ ಸ್ವರ ಜನರದೇ ಎಂದು ಸಾರಿದರು. ಗುಮಾಸ್ತರ ಕೈ ಕುಲುಕಿ, "ನಿಮ್ಮ ಜಾಗ ಕೌಂಟರೇ. ಅಲ್ಲೇ ಕೂತು ಎಲ್ಲರಿಗೂ ಕಲಿಸಿ, ವೇದಿಕೆಗೆ ಬರೋ ಕಷ್ಟ ಬೇಡ," ಎಂದರು. ಆಮೇಲೆ ಹೆಂಡತಿಯ ಕಡೆ ತಿರುಗಿ, ನಿಮ್ಮಂಥ ಗಂಟಲು ನಮ್ಮಲ್ಲಿಲ್ಲ, ಸೋಮವಾರದಿಂದ ಅಭ್ಯಾಸಕ್ಕೆ ಬನ್ನಿ, ಮೊದಲ ಸಾಲಿನಲ್ಲಿ ಜಾಗ ಖಾಲಿ ಇದೆ ಎಂದರು. ಅವಳು ನಾಚಿಕೊಂಡು, ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದಳು. ಮನೆಯವರು ಪಕ್ಕದಲ್ಲೇ ಇದ್ದರು, ಕೇಳಿದರೂ ಉತ್ತರಿಸುವ ಸ್ಥಿತಿಯಲ್ಲಿರಲಿಲ್ಲ.

ದಾರಿಯಲ್ಲಿ ಅವಳು ಗಂಡನ ಕೈ ಹಿಡಿದುಕೊಂಡಳು. ತಿರುವಿನವರೆಗೂ ಹಾಗೇ ನಡೆದರು.

"ರೀ," ಎಂದಳು ಆಮೇಲೆ, "ನಿಮ್ಮ ಸ್ವರ ಎಷ್ಟು ಚೆನ್ನಾಗಿದೆ ಅಂತ ನನಗೆ ಇವತ್ತೇ ಗೊತ್ತಾಗಿದ್ದು. ನಾನು ಹಾಡಿದ ಮೇಲೆ."

ಗುಮಾಸ್ತರು ತಲೆಯಾಡಿಸಿದರು.